ಶುಕ್ರವಾರದ ಮೋಲ್ಡ್: ನಿಮ್ಮ ಕೆಲಸ ಮುಗಿಯುವ ದಿನ ಇವತ್ತೇ ತಿಳಿಸಿ

ಎಲ್ಲರಿಗೂ ನಮಸ್ಕಾರ. ಹಾಸನ ವಿದ್ಯಾನಗರದ ಮನೆಯ ಮೊದಲ ಮಹಡಿ ಮೋಲ್ಡ್ (ಛಾವಣಿಗೆ ಕಾಂಕ್ರೀಟ್ ಹಾಕುವುದು) ಬರುವ ಶುಕ್ರವಾರ ಬೆಳಿಗ್ಗೆ 7ಕ್ಕೆ. ಸೆಂಟ್ರಿಂಗ್, ಕಂಬಿ, ವೈರಿಂಗ್, ಪ್ಲಂಬಿಂಗ್‌ನವರು ಇವತ್ತು ಸಂಜೆ 6ರೊಳಗೆ ನಿಮ್ಮ ಕೆಲಸ ಯಾವ ದಿನ, ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ಇಲ್ಲೇ ಬರೆಯಿರಿ.

‘ನೋಡೋಣ ಸಾರ್’, ‘ಆಗುತ್ತೆ ಬಿಡಿ’ ಬೇಡ. ಆಗದಿದ್ದರೆ ಆಗಲ್ಲ ಅನ್ನಿ, ಯಾರಿಗೂ ಬೇಜಾರಿಲ್ಲ. ಸುಮ್ನೆ ಹೂಂ ಅಂದು ಆಮೇಲೆ ಫೋನ್ ಎತ್ತದಿದ್ದರೇ ಕಷ್ಟ. ಮಿಕ್ಸರ್ ಬಂದು ನಿಂತಿರುತ್ತದೆ, ಗಾರೆಯವರ ಕೂಲಿ ದಂಡ.

ಒಪ್ಪುವ ಮೊದಲು ಸಾಮಾನು, ಆಳು, ಹಿಂದಿನವರ ಕೆಲಸ ಮೂರೂ ನೋಡಿಕೊಳ್ಳಿ. ಕೆಳಗಿನ ಕಂಬಿ ಕಟ್ಟಿ ಕವರ್ ಬ್ಲಾಕ್ (ಕಂಬಿ ಹಲಗೆಗೆ ತಾಗದಂತೆ ಎತ್ತಿ ಹಿಡಿಯುವ ಬಿಲ್ಲೆ) ಇಡದೆ ಪೈಪ್ ಎಳೆಯಲು ಆಗುವುದಿಲ್ಲ, ಅಲ್ವಾ? ಹಾಗಾಗಿ ವೈರಿಂಗ್ ಅಣ್ಣ, ಕಂಬಿ ಮೇಸ್ತ್ರಿಯವರನ್ನು ಕೇಳಿಯೇ ದಿನ ಹೇಳಿ. ಫ್ಯಾನ್ ಬಾಕ್ಸ್ ಬಾಯಿಗೆ ಪೇಪರ್ ತುರುಕುವುದು ಮರೆಯಬೇಡಿ!

ದಿನ ತಪ್ಪುತ್ತದೆ ಅನ್ನಿಸಿದ ಕೂಡಲೇ ತಿಳಿಸಿ, ಹಿಂದಿನ ರಾತ್ರಿಯವರೆಗೆ ಕಾಯಬೇಡಿ.

ಶನಿವಾರ ಕೂತು, ಒಪ್ಪಿದ ಕೆಲಸದಲ್ಲಿ ಎಷ್ಟು ಮುಗಿಯಿತು ಅಂತ ಎಣಿಸೋಣ. 10ರಲ್ಲಿ 7 ಆದರೆ ಶೇ. 70. ಅರ್ಧ ಆಗಿದ್ದು ಲೆಕ್ಕಕ್ಕಿಲ್ಲ. ಬೈಯಲು ಅಲ್ಲ, ಉಳಿದದ್ದು ಯಾಕೆ ನಿಂತಿತು ಅಂತ ತಿಳಿಯಲು. ದೊಡ್ಡ ಸೈಟುಗಳಲ್ಲಿ ‘ಲಾಸ್ಟ್ ಪ್ಲಾನರ್’ ಅಂತ ಮಾಡುವುದೂ ಇದನ್ನೇ.

ಪಿಪಿಸಿ (ಹಾರುಬೂದಿಯಂಥ ಪುಡಿ ಬೆರೆಸಿದ) ಸಿಮೆಂಟ್ ಆದ್ದರಿಂದ ಕನಿಷ್ಠ 10 ದಿನ ಕ್ಯೂರಿಂಗ್. ನೀರು ಹಾಕುವ ಜವಾಬ್ದಾರಿ ಯಾರದು? ಅವರೂ ಹೆಸರು ಹಾಕಿ.