ಸೊಗಡಿಲ್ಲದ ಹಿತಕಿದಬೇಳೆ, ಗಂಟು ಕಟ್ಟಿದ ಮುದ್ದೆ, ಅದರ ಮೇಲೆ ಸೇವಾಶುಲ್ಕ: ಒಂದು ದೂರು

ಕೋಲಾರ
9-6-2025

ಇವರಿಗೆ,
ಮಾಲೀಕರು,
ಹೆದ್ದಾರಿ ಪಕ್ಕದ ತಮ್ಮ ರೆಸ್ಟೋರೆಂಟ್, ಕೋಲಾರ

ವಿಷಯ: ಮೇ 18ರ ಭಾನುವಾರ ಮಧ್ಯಾಹ್ನದ ಊಟ, ಅದರ ಬಿಲ್ಲು, ಮತ್ತು ತಮ್ಮ ಮ್ಯಾನೇಜರ್ ನಮಗೆ ಹೇಳಿಕೊಟ್ಟ ಮುದ್ದೆ ಪಾಠ

ಮಾನ್ಯರೇ,

ಮೂರು ಸಲ ಫೋನ್ ಮಾಡಿದ್ದಾಯಿತು. ಮೊದಲ ಸಲ ‘ಸಾರ್ ಮೀಟಿಂಗಲ್ಲಿದ್ದಾರೆ’ ಅಂದರು. ಎರಡನೇ ಸಲ ‘ಬಿಲ್ ನಂಬರ್ ಹೇಳಿ, ವಾಪಸ್ ಮಾಡ್ತೀವಿ’ ಅಂದರು. ವಾಪಸ್ ಬರಬೇಕಾದದ್ದು ಫೋನೋ ದುಡ್ಡೋ ತಿಳಿಯಲಿಲ್ಲ, ಎರಡೂ ಬರಲಿಲ್ಲ. ಮೂರನೇ ಸಲ ‘ಹಲೋ’ ಅಂದ ಕೂಡಲೇ ಕಟ್ಟಾಯಿತು. ಹಾಗಾಗಿ ಈ ಪತ್ರ. ಸಮಾಧಾನದಿಂದಲೇ ಬರೆಯಬೇಕು ಅಂದುಕೊಂಡು ಕೂತಿದ್ದೇನೆ.

ತಮ್ಮ ಮೆನುವಿನಲ್ಲಿ ‘ಅಪರೂಪದ ಬಯಲುಸೀಮೆ ಅಡುಗೆ’ ಅಂತ ಒಂದು ಪುಟವೇ ಇದೆ. ಅದರ ಕೊನೆಗೆ ‘ರುಚಿ ಹಿಡಿಸದಿದ್ದರೆ ಬದಲಿಸಿ ಕೊಡಲಾಗುವುದು’ ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಬರೆದವರು ತಾವೇ, ಆದ್ದರಿಂದ ತಮಗೆ ಗೊತ್ತಿರುತ್ತದೆ ಅಂದುಕೊಳ್ಳುತ್ತೇನೆ.

ಮೊದಲನೆಯದು, 220 ರೂಪಾಯಿಯ ‘ತಾಜಾ ಸೊಗಡು ಅವರೆಯ ಹಿತಕಿದಬೇಳೆ ಸಾರು ಮುದ್ದೆ’. ಮೇ ತಿಂಗಳಲ್ಲಿ! ನಾಡ ಅವರೆ ಹಗಲು ಗಿಡ್ಡವಾದ ಮೇಲೇ ಹೂ ಬಿಡುವ ಗಿಡ. ಚಳಿ, ಇಬ್ಬನಿ ಬಿದ್ದ ಕಾಲದಲ್ಲಿ ಕಾಯಿ ತುಂಬುತ್ತದೆ, ಸಂಕ್ರಾಂತಿ ಆಸುಪಾಸಿನಲ್ಲಿ ಸೊಗಡು ಕೈಗೆ ಅಂಟುತ್ತದೆ. ವರ್ಷವಿಡೀ ಬಿಡುವ ಹೆಬ್ಬಾಳ ಅವರೆ ತಳಿಗಳಿವೆ ಅನ್ನುತ್ತೀರೇನೋ. ಇವೆ, ಒಪ್ಪಿದೆ, ಆದರೆ ಆ ಕಾಯಿಯನ್ನು ಮೂಸಿ ನೋಡಿ. ಅಷ್ಟಕ್ಕೂ ನಮ್ಮ ಬಟ್ಟಲಿಗೆ ಬಂದದ್ದು ಅದೂ ಅಲ್ಲ, ಒಣಬೇಳೆ. ಹಸಿ ಕಾಳನ್ನು ರಾತ್ರಿಯಿಡೀ ನೆನೆಸಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಸಿಪ್ಪೆ ಬಿಡಿಸಿದ ಬೇಳೆ ಬೆಂದರೂ ಇಡಿಯಾಗಿ ನಿಲ್ಲುತ್ತದೆ, ನಾಲಿಗೆಗೆ ತಗುಲಿದರೆ ಬೆಣ್ಣೆ. ಒಣಬೇಳೆ ಎರಡು ಹೋಳಾಗಿ ಹಿಟ್ಟುಹಿಟ್ಟಾಗುತ್ತದೆ. ಬೇಗ ಬೇಯಲೆಂದು ಸೋಡಾ ಹಾಕಿದ್ದೂ ಗೊತ್ತಾಯಿತು. ಬೇಳೆ ಅಂಚು ಕರಗಿ ಸಾರಿಗೆ ಸೋಪಿನ ವಾಸನೆ ಹತ್ತಿತ್ತು. ‘ಒಣ ಹಿತಕಿದಬೇಳೆ’ ಅಂತ ಬರೆದು 120ಕ್ಕೆ ಕೊಟ್ಟಿದ್ದರೆ ಉಸಿರೆತ್ತದೆ ತಿಂದು ಬರುತ್ತಿದ್ದೆವು. ಒಣಬೇಳೆ ತಿನ್ನುವುದೇನು ಅವಮಾನವಲ್ಲ.

ಎರಡನೆಯದು, 180 ರೂಪಾಯಿಯ ‘ಹೊಲದ ಬೆರಕೆ ಸೊಪ್ಪಿನ ಮಸ್ಸೊಪ್ಪು’. ಬೆರಕೆ ಅಂದರೆ ಬೆರೆತದ್ದು: ಅಣ್ಣೆ, ಹೊನಗೊನ್ನೆ, ಗಣಿಕೆ, ಗೋಣಿಸೊಪ್ಪು, ಕಿರಕಸಾಲೆ, ಹೊಲದಲ್ಲಿ ಮಳೆ ಬಿದ್ದ ಮೇಲೆ ಏನು ಎದ್ದಿದೆಯೋ ಅದು. ನಾಲ್ಕಾದರೂ ಇರಬೇಕು. ಗೋಣಿಸೊಪ್ಪಿನ ಹುಳಿ ಒಂದು ಕಡೆ, ಗಣಿಕೆಯ ಸಣ್ಣ ಕಹಿ ಇನ್ನೊಂದು ಕಡೆ ಎಳೆದರೇ ಅದು ಬೆರಕೆ. ತಮ್ಮದು ಪಾಲಕ್, ಶುದ್ಧ ಪಾಲಕ್. ಮಸ್ಸೊಪ್ಪಿಗೆ ತೊಗರಿಬೇಳೆ, ಸೊಪ್ಪು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಟೊಮೆಟೊ ಬೇಯಿಸಿ, ಕಟ್ಟು (ಬೇಯಿಸಿದ ನೀರು) ಬಸಿದು, ಕಡೆಗೋಲಿನಲ್ಲಿ ಮಸೆದು, ಬಸಿದ ಕಟ್ಟನ್ನು ಬೇಕಾದಷ್ಟು ಮತ್ತೆ ಬೆರೆಸುತ್ತಾರೆ. ಮಿಕ್ಸಿಗೆ ಹಾಕಿದರೆ ಸೊಪ್ಪು ಲೋಳೆಯಾಗಿ ಜಿಗುಟು ಬರುತ್ತದೆ. ಬಂದಿತ್ತು. ಪರಿಮಳಕ್ಕೆ ಮೇಲೆ ಕೆನೆ ಹಾಕಿದ್ದಿರಿ. ಮಸ್ಸೊಪ್ಪಿಗೆ ಕೆನೆ! ಇದಕ್ಕೆ ಬೇರೆ ಹೆಸರಿದೆ, ಅದನ್ನು ರೊಟ್ಟಿ ಜೊತೆ ಪನೀರ್ ಹಾಕಿ ಮಾರುತ್ತಾರೆ.

ನಾಟಿ ಕೋಳಿ ವಿಷಯ ಎತ್ತುವುದಿಲ್ಲ. ಬೆರಳಲ್ಲೇ ಮೂಳೆ ಮುರಿಯುವಂಥ ನಾಟಿ ಕೋಳಿ ಯಾವ ನಾಡಿನದೋ ತಾವೇ ಹೇಳಬೇಕು.

ಇನ್ನು ಮುದ್ದೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು, ಹಿಟ್ಟು ಹಳೆಯದಾದರೆ ಸ್ವಲ್ಪ ಹೆಚ್ಚು. ಒಂದು ಚಮಚ ಹಿಟ್ಟನ್ನು ನೀರಲ್ಲಿ ಕದಡಿ ಎಸರಿಗೆ ಹಾಕಿ, ಅದು ಅಂಬಲಿಯಾಗಿ ಉಕ್ಕಿದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಸುರಿಯಬೇಕು. ಕೋಲಿನಿಂದ ಮಧ್ಯೆ ತೂತು ಮಾಡಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಮುಟ್ಟದೆ ಬಿಡಬೇಕು. ತೂತಿನಲ್ಲಿ ಎಸರು ಮೇಲಕ್ಕೆ ಬಂದು ಗುಡ್ಡೆ ಪೂರ್ತಿ ನೆನೆದ ಮೇಲೆ ಒಲೆಯಿಂದ ಇಳಿಸಿ, ಪಾತ್ರೆಯ ಬದಿಗೆ ಒತ್ತಿ ಒತ್ತಿ ತೊಳಸಬೇಕು. ಅವಸರಪಟ್ಟು ಸುರಿದ ಕೂಡಲೇ ತಿರುವಿದರೆ ಹೊರಗಿನ ಹಿಟ್ಟು ಬೆಂದು ಚಿಪ್ಪಾಗಿ, ಒಳಗಿನ ಒಣಹಿಟ್ಟಿಗೆ ನೀರು ಹೋಗದ ಹಾಗೆ ಬಾಯಿ ಮುಚ್ಚಿಬಿಡುತ್ತದೆ. ಅದನ್ನೇ ಗಂಟು ಅನ್ನುವುದು. ಜೊತೆಗೆ ತಮ್ಮ ಮುದ್ದೆಯ ಮೈ ಒಣಗಿ ಬಿರಿದಿತ್ತು, ಬೆಚ್ಚಗೂ ಇರಲಿಲ್ಲ. ಬಿಸಿಯಾಗಿ ಬಡಿಸುವ ಪದಾರ್ಥವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯದಂತೆ ಇಡಬೇಕೆಂಬುದು ಆಹಾರ ಸುರಕ್ಷತೆಯ ನಿಯಮ. ಲೈಸೆನ್ಸ್ ಇರುವ ತಮಗೆ ನಾನು ಹೇಳಬೇಕಿಲ್ಲ. (ಲೈಸೆನ್ಸಿನ 14 ಅಂಕಿಯ ಸಂಖ್ಯೆ ಬಿಲ್ಲಿನ ಮೇಲಿರಬೇಕು. 2022ರ ಜನವರಿಯಿಂದ ಕಡ್ಡಾಯ. ತಮ್ಮ ಬಿಲ್ಲನ್ನು ಕನ್ನಡಕ ಹಾಕಿಕೊಂಡು ಹುಡುಕಿದೆ.)

ಮುದ್ದೆ ಮುರಿದೆ. ಒಳಗಿಂದ ಒಣಹಿಟ್ಟು ತಟ್ಟೆಗೆ ಉದುರಿತು. ಸಪ್ಲೈಯರ್ ಹುಡುಗನನ್ನು ಕರೆದು, ‘ನೋಡಪ್ಪ, ಬೆಂದೇ ಇಲ್ಲ’ ಅಂದೆ. ಪಾಪ, ಅವನು ನೋಡಿದ, ಒಪ್ಪಿದ, ಓಡಿಹೋಗಿ ಮ್ಯಾನೇಜರನ್ನು ಕರೆತಂದ. ಆ ಮೇಲಿನದು ಅಕ್ಷರಶಃ ಹೀಗೆ:

‘ಏನಾಯ್ತು ಆಂಟಿ?’

‘ಮುದ್ದೆಯಲ್ಲಿ ಗಂಟಿದೆ.’

‘ಗಂಟಲ್ಲ ಆಂಟಿ, ಅದು ಟೆಕ್ಸ್‌ಚರ್. ಫೈಬರ್ ಇರುತ್ತಲ್ಲ.’

‘ಹಸಿಹಿಟ್ಟು ಕಣಪ್ಪ. ಮುಟ್ಟಿ ನೋಡು.’

ಮುಟ್ಟಲಿಲ್ಲ. ಪಕ್ಕದ ಟೇಬಲ್ಲಿನಿಂದ ಫೋರ್ಕ್ ತೆಗೆದು, ನನ್ನ ತಟ್ಟೆಯ ಮುದ್ದೆಯನ್ನು ಎರಡು ಸಲ ಚುಚ್ಚಿ, ‘ಸಾಫ್ಟ್ ಇದೆಯಲ್ಲ!’ ಅಂದರು. ಆಮೇಲೆ, ಐದನೇ ಟೇಬಲ್ಲಿಗೂ ಏಳನೇ ಟೇಬಲ್ಲಿಗೂ ಕೇಳುವ ಹಾಗೆ: ‘ಫಸ್ಟ್ ಟೈಮ್ ತಿಂತಿದ್ದೀರಾ ಆಂಟಿ? ಬೆಂಗಳೂರಿಂದ ಬರೋರಿಗೆಲ್ಲ ಮೊದಲು ಹಂಗೇ ಅನ್ಸುತ್ತೆ.’

‘ನಾವು ಇದೇ ಊರವರು.’

‘ಓ! ಆದ್ರೂ ನಿಧಾನಕ್ಕೆ ಚೆನ್ನಾಗಿ ಅಗಿದು ತಿನ್ನಿ. ಆಗ ಟೇಸ್ಟ್ ಗೊತ್ತಾಗುತ್ತೆ.’

ಅಗಿದು ತಿನ್ನಿ. ಮುದ್ದೆಯನ್ನು. ಕೋಲಾರದಲ್ಲಿ ಕೂತು, ಹುಟ್ಟಿದಾರಭ್ಯ ಮುದ್ದೆ ನುಂಗಿದವಳಿಗೆ. ಏಳನೇ ಟೇಬಲ್ಲಿನವರು ನಕ್ಕರು. ಅವರನ್ನು ದೂರುವುದಿಲ್ಲ, ನಗುವಂಥದ್ದೇ. ಮೆನುವಿನ ದಪ್ಪಕ್ಷರ ತೋರಿಸಿ ಬದಲಿಸಿ ಕೊಡಿ ಅಂದದ್ದಕ್ಕೆ, ‘ಮುರಿದ್ಮೇಲೆ ಎಕ್ಸ್‌ಚೇಂಜ್ ಇಲ್ಲ ಆಂಟಿ’ ಎಂಬ ಉತ್ತರ. ಮುರಿಯದೆ ರುಚಿ ನೋಡುವ ವಿಧಾನ ತಮ್ಮಲ್ಲಿದ್ದರೆ ಅದನ್ನೂ ಮೆನುವಿನಲ್ಲಿ ಅಚ್ಚು ಹಾಕಿಸಿ.

ಕೊನೆಗೆ ಬಿಲ್ಲು. ಹಿತಕಿದಬೇಳೆ ಊಟ ಎರಡು, 440. ಮಸ್ಸೊಪ್ಪು 180. ‘ನಾಟಿ’ ಕೋಳಿ 320. ನೀರಿನ ಬಾಟಲಿ ಎರಡು, 60. ಒಟ್ಟು 1000. ಬಾಟಲಿಗೆ 30 ಹಾಕಿದ್ದನ್ನು ಕೇಳುವುದಿಲ್ಲ. ಹೋಟೆಲಿನಲ್ಲಿ ಕೂತು ಕುಡಿಯುವ ನೀರಿಗೆ ಎಂಆರ್‌ಪಿ ಮೀರಬಹುದೆಂದು 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅದು ನನಗೂ ಗೊತ್ತು. ಆದರೆ 10 ಶೇಕಡಾ ಸೇವಾಶುಲ್ಕ 100 ರೂಪಾಯಿ, ಮತ್ತೆ ಆ ನೂರರ ಮೇಲೂ 5 ಶೇಕಡಾ ಜಿಎಸ್‌ಟಿ! 1050 ಆಗಬೇಕಿದ್ದದ್ದು 1155 ಆಗಿದೆ. ಸೇವಾಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಅದರ ಮೇಲೆ ಜಿಎಸ್‌ಟಿ ವಸೂಲು ಮಾಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 4-7-2022ರಂದೇ ಮಾರ್ಗಸೂಚಿ ಹೊರಡಿಸಿದೆ. ದೆಹಲಿ ಹೈಕೋರ್ಟ್ ಇದೇ ವರ್ಷ ಮಾರ್ಚ್ 28ರಂದು ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಅಂದದ್ದಕ್ಕೆ ಕ್ಯಾಷಿಯರ್, ‘ಸಿಸ್ಟಮಲ್ಲೇ ಬರುತ್ತೆ’ ಅಂದರು. ಮಳೆ ಬರುತ್ತೆ ಅನ್ನುವ ಹಾಗೆ.

ನನಗೆ ಬೇಕಾದದ್ದು 105 ರೂಪಾಯಿ ವಾಪಸ್, ಮೆನುವಿನಿಂದ ‘ತಾಜಾ’, ‘ಸೊಗಡು’, ‘ಹೊಲದ’ ಎಂಬ ಮೂರು ಪದ ತೆಗೆಯುವುದು, ಮತ್ತು ಒಂದು ಲಿಖಿತ ಕ್ಷಮಾಪಣೆ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ (ಐದು ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷ ಸಮಯವಿದೆ, ನನಗೆ ಬೇರೆ ಕೆಲಸವೂ ಕಡಿಮೆ), ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಪ್ರತಿ. ದಾರಿ ತಪ್ಪಿಸುವ ಜಾಹೀರಾತಿಗೆ ಆಹಾರ ಸುರಕ್ಷತಾ ಕಾಯ್ದೆಯ 53ನೇ ಸೆಕ್ಷನ್ನಿನಲ್ಲಿ ಹತ್ತು ಲಕ್ಷದವರೆಗೆ ದಂಡವಿದೆ. ಮೆನು ಜಾಹೀರಾತೋ ಅಲ್ಲವೋ ಎಂಬ ವಾದವನ್ನು ತಮ್ಮ ವಕೀಲರಿಗೇ ಬಿಡುತ್ತೇನೆ, ಆದರೆ ರಸ್ತೆ ಬದಿಯ ತಮ್ಮ ಇಪ್ಪತ್ತಡಿ ಬೋರ್ಡಿನ ಮೇಲೂ ಅದೇ ಮೂರು ಪದಗಳಿವೆ.

105 ರೂಪಾಯಿ ಬಂದರೂ ಬರದಿದ್ದರೂ, ಮುಂದಿನ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಬರುತ್ತೇವೆ. ನಾನು, ಜೊತೆಗೆ ನಮ್ಮ ಬೀದಿಯ ಹನ್ನೊಂದು ಜನ ಹೆಂಗಸರು, ಎಲ್ಲರೂ ಮನೆಯಲ್ಲಿ ಮುದ್ದೆ ತೊಳಸುವವರು. ಎಲ್ಲರೂ ಮುದ್ದೆಯನ್ನೇ ಹೇಳುತ್ತೇವೆ, ಎಲ್ಲರೂ ಮುರಿದು ನೋಡುತ್ತೇವೆ, ಹನ್ನೆರಡು ಬಿಲ್ಲನ್ನೂ ಬೇರೆಬೇರೆ ಕೇಳುತ್ತೇವೆ. ಮ್ಯಾನೇಜರ್ ಅವರಿಗೆ ಆ ದಿನ ರಜೆ ಕೊಡಬೇಡಿ. ಕೋಲು ನಾನೇ ತರುತ್ತೇನೆ.

ಇಂತಿ,
ಆರನೇ ಟೇಬಲ್ಲಿನ ‘ಆಂಟಿ’

ಲಗತ್ತು: ಬಿಲ್ಲಿನ ಪ್ರತಿ, ಮೆನುವಿನ ಕೊನೆಯ ಸಾಲಿನ ಫೋಟೋ, ಗಂಟಿನ (ತಮ್ಮ ಭಾಷೆಯಲ್ಲಿ ಟೆಕ್ಸ್‌ಚರಿನ) ಫೋಟೋ ಎರಡು