ಸೂಜಿ ಹಾಕುವ ಬಿಳಿ ಡಬ್ಬಿಗಳ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಸೂಜಿ ಡಬ್ಬಿ ಪೂರೈಕೆ ಮತ್ತು ವೈದ್ಯಕೀಯ ತ್ಯಾಜ್ಯ ಸಾಗಣೆ ವಿಭಾಗ

ಇವರಿಂದ,
ಶುಶ್ರೂಷಾ ಸಿಬ್ಬಂದಿ ಮತ್ತು ಸೋಂಕು ನಿಯಂತ್ರಣ ತಂಡ, ಹಾಸನ

ವಿಷಯ: ತೂತಾಗುವ, ಮುಚ್ಚಳ ಕೂರದ ಡಬ್ಬಿಗಳನ್ನು ಬದಲಿಸಿಕೊಡುವ ಕುರಿತು

ಮಾನ್ಯರೇ,

ಈ ಸಲ ನೀವು ಕಳಿಸಿದ ಡಬ್ಬಿಗಳನ್ನೆಲ್ಲ ವಾರ್ಡುಗಳಿಂದ ತೆಗೆಸಿದ್ದೇವೆ. ಬಂದು ಖಾಲಿ ಡಬ್ಬಿಯೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಗೋಡೆ ಒಳಕ್ಕೆ ತಗ್ಗುತ್ತದೆ. ಡ್ರಿಪ್ ಹಾಕಲು ಬಳಸುವ ದಪ್ಪನೆಯ 18 ಗೇಜಿನ ಕ್ಯಾನುಲಾ ಸೂಜಿ ಮೊನೆ ಕೆಳಗಾಗಿ ಬಿದ್ದು, ಅದರ ಮೇಲೆ ಉಳಿದವುಗಳ ಭಾರ ಕೂತರೆ ತುದಿ ತಳದ ಮೂಲೆಯಿಂದ ಹೊರಗೆ ಇಣುಕುತ್ತದೆ. ಡಬ್ಬಿ ಎತ್ತುವ ಡಿ ಗ್ರೂಪ್ ನೌಕರರು ಕೈ ಕೊಡುವುದು ತಳಕ್ಕೇ. ತೆಳು ಗ್ಲೌಸ್ ಸೂಜಿಗೆ ಯಾವ ಲೆಕ್ಕ?

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಕೇಳುವುದು ಚುಚ್ಚಿದರೆ ತೂತಾಗದ, ಸೋರದ, ಮುಚ್ಚಿದ ಮೇಲೆ ಯಾರೂ ಬಿಚ್ಚಲಾಗದ, ಒಳಗಿನದು ಮಸುಕಾಗಿಯಾದರೂ ಕಾಣುವ ಬಿಳಿ ಡಬ್ಬಿ. ನಿಮ್ಮದರಲ್ಲಿ ಬಿಳಿ ಬಣ್ಣವೊಂದು ಸರಿಯಿದೆ. ಒಳಗೆ ಏನೂ ಕಾಣದ ಕಾರಣ ಮುಕ್ಕಾಲು ತುಂಬಿತೇ ಎಂದು ತಿಳಿಯಲು ಬಗ್ಗಿ ಇಣುಕಬೇಕು, ಇಲ್ಲವೇ ಅಲ್ಲಾಡಿಸಬೇಕು. ಬಾಯಿಯೂ ಕಿರಿದು. ಸೂಜಿ ಬೇರ್ಪಡದ ಇನ್ಸುಲಿನ್ ಸಿರಿಂಜಿನ ಹಿಂಬದಿಯ ರೆಕ್ಕೆ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಸ್ಕಾಲ್ಪ್ ವೇನ್ ಸೆಟ್ಟಿನ (ನಳಿಕೆ ಅಂಟಿದ ಸಣ್ಣ ಸೂಜಿ) ನಳಿಕೆ ಸುರುಳಿ ಬಿಚ್ಚಿ ಸೂಜಿಯನ್ನೇ ಮೇಲಕ್ಕೆ ಎತ್ತಿಕೊಂಡು ಬರುತ್ತದೆ. ನೈಟ್ ಡ್ಯೂಟಿಯ ಗಡಿಬಿಡಿಯಲ್ಲಿ ಅದನ್ನು ಬೆರಳಿನಿಂದ ಒಳಗೆ ತಳ್ಳುವವರೇ ಹೆಚ್ಚು. ಬೆರಳಿನದು ತಪ್ಪು ಎನ್ನುವ ಮೊದಲು ಬಾಯಿಯ ಅಳತೆ ನೋಡಿ.

ಟ್ರಾಲಿಗೆ ಡಬ್ಬಿ ಸಿಕ್ಕಿಸುವ ಕ್ಲಾಂಪ್ ಬಿಲ್ಲಿನಲ್ಲಿದೆ, ಟ್ರಾಲಿಯಲ್ಲಿಲ್ಲ. ಡಬ್ಬಿ ಮಂಚದ ಪಕ್ಕಕ್ಕೆ ಬರದಿದ್ದರೆ ನರ್ಸ್ ಬಳಸಿದ ಸೂಜಿ ಹಿಡಿದು ವಾರ್ಡಿನ ಆ ತುದಿಗೆ ನಡೆಯಬೇಕು, ಅಥವಾ ಕ್ಯಾಪ್ ಮತ್ತೆ ಹಾಕಬೇಕು. ಎರಡೂ ಕೂಡದು ಎಂದೇ ನಾವು ಕಲಿಸುತ್ತೇವೆ.

“ಸಣ್ಣ ಚುಚ್ಚು ತಾನೇ” ಎಂದರು ನಿಮ್ಮವರು. ಚುಚ್ಚಿದ ಜಾಗವನ್ನು ಹಿಂಡದೆ ಸೋಪು ನೀರಿನಲ್ಲಿ ತೊಳೆದು, ಕೂಡಲೇ ವರದಿ ಮಾಡಿ, ಸೂಜಿ ಯಾವ ರೋಗಿಯದೋ ಅವರ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷಿಸಬೇಕು. ಎಚ್‌ಐವಿ ಶಂಕೆಯಿದ್ದರೆ ಸೋಂಕು ತಡೆಯುವ ಮೊದಲ ಮಾತ್ರೆ ಆದಷ್ಟೂ 2 ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ. ಮುಂದೆ 28 ದಿನ ಬಿಡದೆ ನುಂಗಬೇಕು. ಡಬ್ಬಿಯ ತಳದಿಂದ ಚುಚ್ಚಿದ ಸೂಜಿಗೆ ಬೆಡ್ ನಂಬರಿಲ್ಲ. ಯಾರ ರಕ್ತ ಪರೀಕ್ಷಿಸುವುದು? ಅಂದಾಜಿನ ಮೇಲೆ ಮಾತ್ರೆ ನುಂಗಿ ತಿಂಗಳುಗಟ್ಟಲೆ ರಿಪೋರ್ಟ್ ಕಾಯುವುದು ನಮ್ಮ ಪಾಲಿಗೆ.

ಇನ್ನು ತ್ಯಾಜ್ಯ ಒಯ್ಯುವ ನಿಮ್ಮ ಗಾಡಿ. ಸೂಜಿ ಡಬ್ಬಿ ತುಂಬುವುದಕ್ಕೆ ದಿನ ಹಿಡಿಯುತ್ತದೆ, ಒಪ್ಪೋಣ. ಆದರೆ ಸೀಲ್ ಮಾಡಿಟ್ಟವೂ ಬೇರೆ ತ್ಯಾಜ್ಯದ ಕೆಂಪು, ಹಳದಿ ಚೀಲಗಳ ಜತೆ 48 ಗಂಟೆ ಮೀರಿ ಕೊಳೆಯುತ್ತಿವೆ. ಸಕಲೇಶಪುರದ ಕಡೆ ಮಳೆ ಎಂಬ ನೆಪ ಬೇಡ. ಮಳೆ ಈ ಜಿಲ್ಲೆಗೆ ಹೊಸದಲ್ಲ.

7 ದಿನದೊಳಗೆ ಡಬ್ಬಿ ಬದಲಿಸಿ, ಕ್ಲಾಂಪ್‌ಗಳನ್ನು ತಲುಪಿಸಿ. ಹೊಸ ಮಾದರಿಯ 2 ಡಬ್ಬಿ ಮೊದಲು ಕಳಿಸಿದರೆ ನಾವೇ ಕ್ಯಾನುಲಾ ಸೂಜಿ ತುಂಬಿ, ಒತ್ತಿ, ಕೆಳಗೆ ಬೀಳಿಸಿ ನೋಡಿ ಹೇಳುತ್ತೇವೆ. ಅಲ್ಲಿಯವರೆಗೆ ಈ ಸರಬರಾಜಿನ ಬಿಲ್ ಪಾಸಾಗದಂತೆ ಲೆಕ್ಕಪತ್ರ ಶಾಖೆಗೆ ಬರೆದಿದ್ದೇವೆ. ನಿಮ್ಮ ಗಾಡಿಯ ಹುಡುಗರಿಗೆ ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್ ಆಗಿರುವ ದಾಖಲೆಯೂ ಬೇಕು.

ಬಳಸಿದ ಡಬ್ಬಿಗಳನ್ನು ದಪ್ಪ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಇಳಿಸಿಟ್ಟಿದ್ದೇವೆ. ಒಯ್ಯಲು ಬರುವವರು ಡ್ರಮ್ಮನ್ನೇ ಎತ್ತಲಿ, ಡಬ್ಬಿಯ ತಳಕ್ಕೆ ಕೈ ಹಾಕುವುದು ಬೇಡ.

ಇಂತಿ,
ಶುಶ್ರೂಷಾ ಸಿಬ್ಬಂದಿ, ಹಾಸನ