ಮುಯ್ಯಿ ಬರೆಯೋ ಅಪ್ಪನಿಂದ

ಪುಟ್ಟೀ,

ವಾಟ್ಸಾಪಲ್ಲಿ ಇಷ್ಟುದ್ದ ಹಾಕಿದ್ರೆ ನೀನು ಓದಲ್ಲ ಅಂತ ಮೇಲ್ ಮಾಡ್ತಾ ಇದೀನಿ, ಆಫೀಸಲ್ಲಿ ಓದ್ಬೇಡ, ರೂಮಿಗೆ ಹೋದ್ಮೇಲೆ ಓದು. ಆವತ್ತು ರಾತ್ರಿ ಊಟಕ್ಕೆ ಕೂತಾಗ ನಿನ್ನ ಮದುವೆ ಮಾತಿಗೆ ಆದ ಜಗಳನ ಮತ್ತೆ ಬರೆಯಲ್ಲ, ನಮ್ಮಿಬ್ಬರಿಗೂ ನೆನಪಿದೆ, ನಿಮ್ಮಮ್ಮನಿಗೆ ನಮಗಿಂತ ಜಾಸ್ತಿ ನೆನಪಿದೆ. ನಾನು ದನಿ ಎತ್ತರಿಸಬಾರದಿತ್ತು. ನೀನೂ ಎತ್ತರಿಸಬಾರದಿತ್ತು, ಅದಿರಲಿ.

ಮೊದಲು ಒಂದು ವಿಷಯ. ನೀನು ನಮ್ಮ ಫ್ಯಾಮಿಲಿ ಗ್ರೂಪಿಂದ ಎಕ್ಸಿಟ್ ಆಗಿರೋದು ಇನ್ನೂ ಯಾರಿಗೂ ಗೊತ್ತಿಲ್ಲ. ಮೊದಲಾದ್ರೆ ಯಾರು ಹೋದ್ರೂ ಎಲ್ಲರಿಗೂ ಕಾಣೋ ಹಾಗೆ ಗ್ರೂಪಲ್ಲೇ ಬರೋದು, 2022ರಿಂದ ಅಡ್ಮಿನ್‌ಗೆ ಮಾತ್ರ ತೋರ್ಸುತ್ತೆ, ನಮ್ಮ ಗ್ರೂಪಿಗೆ ಅಡ್ಮಿನ್ ನಾನೊಬ್ನೇ. ಆದ್ರೆ ಗ್ರೂಪ್ ಇನ್ಫೋ ಒಳಗೆ ಹೋಗಿ ಕೆಳಗಡೆ ಬಿಟ್ಟು ಹೋದವರ ಪಟ್ಟಿ ನೋಡಿದ್ರೆ 60 ದಿನದ ತನಕ ನಿನ್ನ ಹೆಸರು ಅಲ್ಲಿರುತ್ತೆ. ನಿಮ್ಮ ದೊಡ್ಡತ್ತೆಗೆ ಅಷ್ಟು ಕೆಳಗೆ ಸ್ಕ್ರೋಲ್ ಮಾಡೋಕೆ ಬರಲ್ಲ ಅನ್ನೋದೇ ನನ್ನ ಧೈರ್ಯ. ಅವಳ ಮಗನಿಗೆ ಬರುತ್ತೆ. ಮೊನ್ನೆ ಫೋನ್ ಮಾಡಿ, ಪುಟ್ಟಿ ಯಾಕೋ ಮದುವೆ ಫೋಟೋಗೆ ಏನೂ ಹಾಕಿಲ್ವಲ್ಲ ಅಂದ್ಲು, ಆಫೀಸಲ್ಲಿ ಕೆಲಸ ಜಾಸ್ತಿಯಂತೆ ಅಂದೆ. ವಾಪಸ್ ಸೇರ್ಕೊ ಅಂತ ನಾನು ಹೇಳ್ತಾ ಇಲ್ಲ. ಲಿಂಕ್ ಬೇಕಾದ್ರೆ ನನ್ನ ಹತ್ರ ಇದೆ ಅಷ್ಟೇ.

ನೀವ್ಯಾರೂ ಪ್ರೀತಿಯಿಂದ ಮದುವೆಗೆ ಹೋಗಲ್ಲ, ಲೆಕ್ಕ ಚುಕ್ತಾ ಮಾಡೋಕೆ ಹೋಗ್ತೀರ, ಎಲ್ಲ ಸ್ಟೇಟಸ್ಸು ಅಂದ್ಯಲ್ಲ. ಇದನ್ನ ನನಗೆ ಹೇಳ್ತೀಯಲ್ಲೇ, ನಾನು ಮುಯ್ಯಿ ಬರೆಯೋನು, ಮದುವೇಲಿ ಯಾರು ಎಷ್ಟು ದುಡ್ಡು ಕೊಟ್ರು ಅಂತ ಬುಕ್ಕಲ್ಲಿ ಬರೆಯೋನು! ಮೇಷ್ಟ್ರ ಕೈಬರಹ ಚೆನ್ನಾಗಿದೆ ಅಂತ ಮೇಲುಕೋಟೆಯಿಂದ ಮಳವಳ್ಳಿ ತನಕ ಯಾರ ಮದುವೆ ಆದ್ರೂ ಛತ್ರದ ಬಾಗಿಲ ಹತ್ರ ಒಂದು ಟೇಬಲ್ಲು, ಒಂದು ಉದ್ದನೆ ಬುಕ್ಕು, ಪಕ್ಕದಲ್ಲಿ ಕವರ್ ಹರಿದು ಎಣಿಸೋಕೆ ಒಬ್ಬ, ದುಡ್ಡಿನ ಬ್ಯಾಗ್ ಇಟ್ಕೊಂಡು ಕೂರೋಕೆ ಒಬ್ಬ, ಮಧ್ಯದಲ್ಲಿ ನಾನು. ಧಾರೆ ನೋಡಿದ್ದಕ್ಕಿಂತ ಜಾಸ್ತಿ ಆ ಬುಕ್ಕೇ ನೋಡಿದೀನಿ. ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತಿದೆ ಹೇಳು. ಸಾವಿರದ ಒಂದು ಕೊಡೋನು ಕವರ್ ಹಾಕಲ್ಲ, ನೋಟನ್ನ ಕೈಯಲ್ಲೇ ಹಿಡ್ಕೊಂಡು ಬರ್ತಾನೆ. ಐವತ್ತೊಂದು ಕೊಡೋನು ಕವರ್‌ಗೆ ಗಮ್ ಹಾಕಿ ಮೂಲೆ ಮೂಲೆ ಅಂಟಿಸಿರ್ತಾನೆ. ಅಣ್ಣ ತಮ್ಮ ಬೇರೆ ಆದ ವರ್ಷ ಇಬ್ಬರೂ ಬೇರೆ ಬೇರೆ ಬರೆಸ್ತಾರೆ, ಅದರಲ್ಲಿ ತಮ್ಮ ಬಗ್ಗಿ ನೋಡಿ ಅಣ್ಣ ಎಷ್ಟು ಬರೆಸಿದಾನೆ ಅಂತ ತಿಳ್ಕೊಂಡು ಆಮೇಲೆ ಜೇಬಿಗೆ ಕೈ ಹಾಕ್ತಾನೆ. ಎಲೆಕ್ಷನ್ ಹತ್ರ ಬಂದ್ರೆ ನಿಲ್ಲೋನು ಕರೆಯದ ಮದುವೆಗೂ ಬಂದು ಬರೆಸ್ತಾನೆ. ಯಾವ ಮದುವೆಯಲ್ಲೂ ಇದೆಲ್ಲ ಯಾರೂ ಬಾಯಿಬಿಟ್ಟು ಹೇಳಲ್ಲ, ಎಲ್ಲರೂ "ಏನೋ ನಮ್ಮ ಕೈಲಾದ್ದು" ಅಂತಾರೆ.

ಇದನ್ನ ಕಂಡುಹಿಡಿದಿದ್ದು ನಿಮ್ಮ ಕಾಲದವರೂ ಅಲ್ಲ. ನಾನು ಮೈಸೂರು ಯೂನಿವರ್ಸಿಟಿ ಕರೆಸ್ಪಾಂಡೆನ್ಸಲ್ಲಿ ಸೋಶಿಯಾಲಜಿ ಎಂಎ ಕಟ್ಟಿದ್ನಲ್ಲ, ಅದರಲ್ಲೇ ಇತ್ತು, ಫ್ರಾನ್ಸಿನ ಮಾರ್ಸೆಲ್ ಮೋಸ್ ಅನ್ನೋನು 1925ರಲ್ಲೇ ಬರೆದಿಟ್ಟಿದ್ದ. ಉಡುಗೊರೆ ಅನ್ನೋದು ನೋಡೋಕೆ ಮಾತ್ರ ಇಷ್ಟಪಟ್ಟು ಕೊಟ್ಟಿದ್ದು, ಒಳಗಡೆ ಕೊಡೋದೂ ಕಡ್ಡಾಯ, ತಗೊಳ್ಳೋದೂ ಕಡ್ಡಾಯ, ವಾಪಸ್ ಕೊಡೋದೂ ಕಡ್ಡಾಯ ಅಂತ. ಆ ಹೆಸರು ಕೇಳಿ ಕಾಂಟ್ಯಾಕ್ಟ್ ಕ್ಲಾಸಲ್ಲಿ ಎಲ್ಲರೂ ನಕ್ಕಿದ್ವಿ. ಅವನು ಪೆಸಿಫಿಕ್ ದ್ವೀಪಗಳ ಜನರ ಬಗ್ಗೆ, ಅಮೆರಿಕಾದ ಕಡೆ ಬುಡಕಟ್ಟಿನವರ ಬಗ್ಗೆ ಬರೆದಿದ್ದು, ಓದ್ತಾ ಓದ್ತಾ ನನಗೆ ನಮ್ಮ ಸಂಬಂಧಿಕರ ಮುಖವೇ ಕಣ್ಮುಂದೆ ಬರೋದು. ಕೊಟ್ಟಿದ್ದಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಕೊಡಬೇಕು, ಅಷ್ಟಕ್ಕಷ್ಟೇ ಕೊಟ್ಟು ಸಮ ಮಾಡಿದ್ರೆ ಸಂಬಂಧ ಮುಗೀತು ಅಂತ ಅರ್ಥ. ನಮ್ಮಜ್ಜಿ ಇದನ್ನ ಯಾವ ಎಂಎ ಇಲ್ಲದೆ ಹೇಳೋಳು.

ಮುಯ್ಯಿ ಬೇಡ ಅನ್ನೋದ್ರಲ್ಲೂ ಲೆಕ್ಕ ಇದೆ ಕಣೇ. ಈಗ ಕಾರ್ಡಲ್ಲಿ ಹಾಕಿಸ್ತಾರಲ್ಲ, ಆಶೀರ್ವಾದವೇ ಉಡುಗೊರೆ ಅಂತ, ಅದನ್ನ ಮೊದಲು ಹಾಕಿಸಿದ್ದು ಯಾರು ನೋಡು, ನಿಮ್ಮ ಐವತ್ತೊಂದು ನಮಗೆ ಬೇಕಾಗಿಲ್ಲ ಅನ್ನೋ ಅಷ್ಟು ಇದ್ದವರು. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯ ಮದುವೇನ ಮಂತ್ರಮಾಂಗಲ್ಯದಲ್ಲಿ ಮಾಡಿದಾಗ ಪುರೋಹಿತರಿಲ್ಲ, ಆಡಂಬರ ಇಲ್ಲ, ಜನ ಕಮ್ಮಿ. ಅದು ಧೈರ್ಯ. ಈಗ ನಾನೇ ನೋಡಿದೀನಿ, ಕನ್ವೆನ್ಷನ್ ಹಾಲಲ್ಲಿ ಎಲ್‌ಇಡಿ ಸ್ಕ್ರೀನ್ ಹಾಕಿ, ಡ್ರೋನ್ ಹಾರಿಸಿ ಮಂತ್ರಮಾಂಗಲ್ಯ ಮಾಡ್ತಾರೆ, ಎಲ್ಲರೂ ನೋಡ್ಲಿ ನಾವೆಷ್ಟು ಸರಳ ಅಂತ. ನೀನು ಹಂಗೆ ಅಂತ ನಾನು ಹೇಳ್ತಾ ಇಲ್ಲ. ಹೇಳಿದ್ನೇನೋ ಆವತ್ತು. ಸರಿ ಬಿಡು.

ಒಂದು ಮದುವೆ ವಿಷಯ ಹೇಳ್ಬೇಕು ನಿನಗೆ, ಇದನ್ನ ನಿಮ್ಮಮ್ಮನಿಗೆ ಬಿಟ್ಟು ಯಾರಿಗೂ ಹೇಳಿಲ್ಲ. 2003ನೇ ಇಸವಿ ಇರ್ಬೇಕು, ಕನ್ನಂಬಾಡಿಲಿ ನೀರಿಲ್ಲದೆ ನಾಲೆ ಒಣಗಿ ಕಬ್ಬೆಲ್ಲ ಸೌದೆ ಆಗಿದ್ದ ಸಮಯ. ನಿನ್ನ ಚಿಕ್ಕಜ್ಜನ ಕಡೆ ಮದುವೆ. ಒಬ್ಬ ಹೆಂಗಸು ಬಂದು ಕವರ್ ಕೊಟ್ಲು, ಗಣೇಶನ ಚಿತ್ರ ಇರೋ ಕವರ್ರು, ಮೇಲೊಂದು ರೂಪಾಯಿ ನಾಣ್ಯ ಅಂಟಿಸಿರ್ತಾರಲ್ಲ ಅದು. ಹೆಸರು ಹೇಳಿದ್ಲು, ಗಂಡನ ಹೆಸರು ಹೇಳಿದ್ಲು, ಊರು ಹೇಳಿದ್ಲು, ನನ್ನ ಕಡೆ ನೋಡ್ಲಿಲ್ಲ, ಹಿಂದೆ ನಿಂತಿದ್ದ ಓರಗಿತ್ತಿ ಕಡೆನೇ ಕಣ್ಣು. ಎಣಿಸ್ತಾ ಇದ್ದ ಪಿಟಿ ಮೇಷ್ಟ್ರು ಆಗಷ್ಟೇ ಕಾಫಿ ಕುಡಿಯೋಕೆ ಎದ್ದಿದ್ರು, ಕವರ್ ನಾನೇ ಹರಿದೆ. ಒಳಗೆ ಏನೂ ಇಲ್ಲ. ಮೇಲಿನ ಆ ಒಂದು ರೂಪಾಯಿ ಬಿಟ್ರೆ ಏನೂ ಇಲ್ಲ.

ಮರೆತು ಹಂಗೇ ಅಂಟಿಸಿದಾಳಾ? ಅಷ್ಟು ನೀಟಾಗಿ ಗಮ್ ಹಾಕಿದೋಳು ಮರೀತಾಳಾ? ಬರೆಸದೆ ಸುಮ್ನೆ ಊಟ ಮಾಡ್ಕೊಂಡು ಹೋಗಿದ್ರೆ ಯಾರೂ ಕೇಳ್ತಿರಲಿಲ್ಲ, ಆದ್ರೆ ಓರಗಿತ್ತಿ ನೋಡ್ತಾಳೆ. ಓರಗಿತ್ತಿ ಎಷ್ಟು ಎಷ್ಟು ಅಂತ ನನ್ನ ಪೆನ್ನನ್ನೇ ನೋಡ್ತಾ ಇದ್ಲು. ನಾನು 101 ಅಂತ ಬರೆದೆ. ಬರೆದು ಜೋರಾಗಿ ಓದಿದೆ ಕೂಡ, ಯಾವತ್ತೂ ಓದೋನಲ್ಲ. ಆಮೇಲೆ ಲೆಕ್ಕ ಟ್ಯಾಲಿ ಆಗ್ಬೇಕಲ್ಲ, ನನ್ನ ಜೇಬಿಂದ ನೂರು ತೆಗೆದು ಬ್ಯಾಗಿಗೆ ಹಾಕ್ದೆ.

ಯಾಕೆ ಹಾಕ್ದೆ ಅಂತ ಇವತ್ತಿನ ತನಕ ಯೋಚನೆ ಮಾಡ್ತೀನಿ. ಕರುಣೆ ಅಂತ ಅನ್ಕೊಂಡ್ರೆ ಚೆನ್ನಾಗಿರುತ್ತೆ. ಆದ್ರೆ ಆವತ್ತು ನನಗೆ ಎಷ್ಟು ಖುಷಿ ಆಯ್ತು ಗೊತ್ತಾ, ಊಟಕ್ಕೆ ಕೂತಾಗ ಎದೆ ಉಬ್ಬಿತ್ತು, ನೂರು ರೂಪಾಯಿಗೆ ಅಷ್ಟು ಖುಷಿ ಎಲ್ಲೂ ಸಿಗಲ್ಲ. ಹಂಗಾದ್ರೆ ನನ್ನ ಖುಷಿಗೇ ಮಾಡಿದ್ನಾ? ಅಥವಾ ಖಾಲಿ ಕವರ್ ಅಂತ ಗಲಾಟೆ ಆದ್ರೆ ಲೆಕ್ಕ ಬರೆಯೋನ ಮೇಲೂ ಅನುಮಾನ ಬರುತ್ತೆ ಅನ್ನೋ ಭಯಕ್ಕಾ? ಪಿಟಿ ಮೇಷ್ಟ್ರು ವಾಪಸ್ ಬರೋದನ್ನ ನೋಡಿಯೇ ಜೇಬಿಗೆ ಕೈ ಹಾಕಿದ್ನಾ? ಗೊತ್ತಿಲ್ಲ ಪುಟ್ಟಿ. ನಿಮ್ಮ ಸೈಕಾಲಜಿ ಹುಡುಗರನ್ನ ಕೇಳಿದ್ರೆ ಇದರಲ್ಲಿ ಒಂದನ್ನ ಹಿಡ್ಕೊಂಡು ಅದೇ ನಿಜವಾದ ಕಾರಣ ಅಂತಾರೆ. ನಾನು ಒಳಗಿದ್ದೋನು, ನನಗೇ ಹೇಳೋಕೆ ಆಗಲ್ಲ.

ಕಥೆ ಮುಗೀಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ಆಕೆ ಮಗನ ಮದುವೆ, ಅಲ್ಲೂ ನನ್ನನ್ನೇ ಕೂರಿಸಿದ್ರು. ಚಿಕ್ಕಜ್ಜನ ಮನೆಯವರು ಹಳೇ ಬುಕ್ಕು ನೋಡ್ಕೊಂಡು ಬಂದು 201 ಬರೆಸಿದ್ರು. ಆಕೆ ಕೊಡದೇ ಇದ್ದ ದುಡ್ಡು ಡಬಲ್ ಆಗಿ ವಾಪಸ್ ಬಂತು, ಬರೆದೋನು ನಾನು, ನಗು ತಡ್ಕೊಳ್ಳೋಕೆ ಆಗ್ತಾ ಇರಲಿಲ್ಲ. ಆಕೆ ದೂರದಲ್ಲಿ ತಾಂಬೂಲದ ಚೀಲ ಕೊಡ್ತಾ ನಿಂತಿದ್ಲು, ಒಂದು ಸಲ ನನ್ನ ಕಡೆ ನೋಡಿದ್ಲು, ಸುಮ್ನಾದ್ಲು. ಆವಾಗಿಂದ ಸೊನೆ ಕಾಲ ಬಂದ್ರೆ ನಮ್ಮ ಮನೆಗೆ ಒಂದು ಚೀಲ ಅವರೆಕಾಯಿ ಬರುತ್ತಲ್ಲ, ನೀನು ಹಿತುಕಿದ ಬೇಳೆ ಸಾರು ಅಂತ ಕುಣೀತಿದ್ದೆಯಲ್ಲ, ಅದು ಆಕೆ ಹೊಲದ್ದು. ಋಣಕ್ಕಾ? ನಾನು ಬಾಯಿ ಬಿಡದೇ ಇರ್ಲಿ ಅಂತಲಾ? ನಿಮ್ಮಮ್ಮನನ್ನ ಕೇಳಿದ್ರೆ, ಅವರ ಹೊಲದಲ್ಲಿ ಜಾಸ್ತಿ ಬಿಡುತ್ತೆ, ಕೊಡ್ತಾರೆ, ನಿಮಗೆ ಎಲ್ಲದಕ್ಕೂ ಒಂದು ಕಥೆ ಬೇಕು ಅಂತಾಳೆ. ಅದೂ ಇರ್ಬಹುದು.

ಎಲ್ಲಿದ್ದೆ? ಹಾಂ, ಸ್ವಾರ್ಥ. ಇದೆ ಅಂತ ಒಪ್ಪಿದೆ. ನೀನು ಹೇಳದೇ ಇದ್ದ ಇನ್ನೊಂದನ್ನೂ ನಾನೇ ಹೇಳ್ತೀನಿ. ನಾನು ಬರೆದ ಅಷ್ಟೂ ಬುಕ್ಕಲ್ಲಿ ಕೆಲವು ಮನೆಗಳ ಹೆಸರೇ ಇಲ್ಲ. ತಮಟೆ ಬಡಿಯೋಕೆ ಬರ್ತಾರೆ, ಚಪ್ಪರಕ್ಕೆ ಸೊಪ್ಪು ತರ್ತಾರೆ, ಊಟ ಕೊನೆಗೆ, ಟೇಬಲ್ ಹತ್ರ ಬರೋದೇ ಇಲ್ಲ, ಯಾರೂ ಕರೆದಿರಲ್ಲ. ನಮ್ಮವರು ಅಂತ ಒಂದು ಬುಕ್ಕು ಬರೀಬೇಕಾದ್ರೆ ಯಾರನ್ನೋ ಬಿಟ್ಟೇ ಬರೀಬೇಕು. ಬಹಿಷ್ಕಾರ ಹಾಕೋದನ್ನ ತಡೆಯೋಕೆ ಮಹಾರಾಷ್ಟ್ರದವರು 2016ರಲ್ಲಿ ಕಾನೂನೇ ಪಾಸ್ ಮಾಡಬೇಕಾಯ್ತು, ಅಷ್ಟು ಕೆಟ್ಟದ್ದು ಇದು. ಇಷ್ಟೆಲ್ಲ ಕ್ಲಾಸಲ್ಲಿ ಪಾಠ ಮಾಡಿದೋನು ಮದುವೆ ಮನೆಯಲ್ಲಿ ಒಂದು ಮಾತು ಆಡ್ಲಿಲ್ಲ, ಬರೆದೆ ಅಷ್ಟೇ. ನೀನು ಆಡ್ತೀಯ. ಅದಕ್ಕೆ ನನಗೆ ಒಳಗೊಳಗೇ ಹೆಮ್ಮೆ ಇದೆ, ಎದುರಿಗೆ ಹೇಳೋಕೆ ಬರಲ್ಲ.

ಆದ್ರೆ ನೀನು ಕಳಿಸಿದ ಆ ವಿಡಿಯೋ ಇದೆಯಲ್ಲ, ಸಾಲಮನ್ ಆಶ್ ಅನ್ನೋನು 1951ರಲ್ಲಿ ಮಾಡಿದ ಗೆರೆ ಪ್ರಯೋಗ, ಅದನ್ನ ನೀನು ಅರ್ಧ ನೋಡಿದೀಯ. ಒಂದು ಗೆರೆ ತೋರ್ಸಿ, ಮೂರು ಗೆರೆಲಿ ಯಾವುದು ಅದಕ್ಕೆ ಸಮ ಅಂತ ಕೇಳೋದು, ಮೊದಲೇ ಹೇಳಿಕೊಟ್ಟ ಜನ ಎಲ್ಲರೂ ಬೇಕಂತಲೇ ತಪ್ಪು ಹೇಳೋದು, ಕೊನೆಗೆ ಏನೂ ಗೊತ್ತಿಲ್ಲದ ಹುಡುಗ ಏನು ಹೇಳ್ತಾನೆ ನೋಡೋದು. ನೋಡಿ ಜನ ಎಲ್ಲ ಕುರಿಗಳು ಅಂದೆ. ನಾನು ಕೂತ್ಕೊಂಡು ಹುಡುಕಿ ಓದಿದೆ. ಗುಂಪು ತಪ್ಪು ಹೇಳಿದಾಗ ಮೂರರಲ್ಲಿ ಒಂದು ಉತ್ತರ ಗುಂಪಿನ ಕಡೆ ಹೋಯ್ತು, ಸರಿ, ಮಿಕ್ಕ ಎರಡು? ನಾಲ್ಕರಲ್ಲಿ ಒಬ್ಬ ಒಂದು ಸಲಾನೂ ಬಗ್ಗಲಿಲ್ಲ. ಅದಕ್ಕಿಂತ ಮುಖ್ಯ, ಆ ರೂಮಲ್ಲಿ ಇನ್ನೊಬ್ಬನಿಗೆ ಸರಿ ಉತ್ತರ ಹೇಳೋಕೆ ಹೇಳಿಕೊಟ್ರೆ, ಒಬ್ಬನೇ ಒಬ್ಬ, ಹುಡುಗ ಗುಂಪಿಗೆ ಬಗ್ಗೋದು ಧಡಕ್ಕನೆ ಕಮ್ಮಿ ಆಗ್ಹೋಯ್ತು. ಗುಂಪಿನ ಎದುರು ನಿಲ್ಲೋಕೂ ಪಕ್ಕದಲ್ಲಿ ಒಬ್ಬ ಬೇಕು ಕಣಮ್ಮಾ. ನೀನು ಎಲ್ಲರನ್ನೂ ಬಿಟ್ಟು ನಿಲ್ತೀನಿ ಅಂದಾಗ ನನಗೆ ಅದೇ ಹೆದರಿಕೆ, ಜ್ವರ ಬಂದು ಆ ಹದಿನಾಲ್ಕನೇ ಫ್ಲೋರಲ್ಲಿ ಮಲಗಿದ್ರೆ ಬಾಗಿಲು ಬಡಿಯೋರು ಯಾರು, ಡೆಲಿವರಿ ಹುಡುಗ ಬಿಟ್ರೆ? ದೊಡ್ಡತ್ತೆ ಬಾಯಿ ದೊಡ್ಡದು, ಒಪ್ತೀನಿ, ನಿನ್ನ ಸೀರೆ ರೇಟ್ ಕೇಳಿದ್ದು ತಪ್ಪು. ಆದ್ರೆ ನಿಮ್ಮಮ್ಮನಿಗೆ ಆಪರೇಷನ್ ಆದಾಗ ಜಯದೇವ ಆಸ್ಪತ್ರೆ ಕಾರಿಡಾರಲ್ಲಿ ಚಾಪೆ ಹಾಕ್ಕೊಂಡು ಮಲಗಿದ್ದು ಅದೇ ದೊಡ್ಡತ್ತೆ. ಆಮೇಲೆ ಊರೆಲ್ಲ ಅದನ್ನ ಹೇಳ್ಕೊಂಡು ಬಂದ್ಲು, ಸರಿ, ಹೇಳ್ಕೊಳ್ಳಿ! ಹೇಳ್ಕೊಳ್ಳೋಕೆ ಅಂತಲೇ ಮಲಗಿದ್ಲು ಅಂತ ಇಟ್ಕೊ, ಚಾಪೆ ಮೇಲೆ ಸೊಳ್ಳೆ ಕಡಿದಿದ್ದು ಯಾರಿಗೆ?

ಲೆಕ್ಚರ್ ಆಯ್ತು ಅಂತ ನಿನ್ನ ಮುಖ ಕಾಣಿಸ್ತಾ ಇದೆ.

ಈಗ ನನ್ನ ಒಳಗಿಂದು. ಸ್ಪೆಷಲ್ ಮ್ಯಾರೇಜ್ ಆಕ್ಟಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಆಗ್ತೀನಿ, ಊಟ ಇಲ್ಲ ಬುಕ್ಕಿಲ್ಲ ಅಂದಾಗ ನಾನು ಸಂಪ್ರದಾಯ, ಹಿರಿಯರು ಅಂತೆಲ್ಲ ಅಂದ್ನಲ್ಲ, ಅದೆಲ್ಲ ಮೇಲಿನ ಮಾತು. ಎಲ್ಲರ ಮನೆ ಬುಕ್ಕು ಬರೆದೆ, ನಮ್ಮ ಮನೆ ಬುಕ್ಕು ನನ್ನ ಮದುವೇಲಿ ತೆರೆದಿದ್ದು, ಆಮೇಲೆ ತೆರೆದಿಲ್ಲ. ಇರೋಳು ನೀನೊಬ್ಳು. ಒಂದು ದಿನ ಆ ಟೇಬಲ್ಲಲ್ಲಿ ಬೇರೆ ಯಾರೋ ಕೂತು ಬರೀಲಿ, ನಾನು ಶಲ್ಯ ಹಾಕ್ಕೊಂಡು ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಅನ್ಬೇಕು ಅಂತ ಆಸೆ ಇತ್ತು. ದುಡ್ಡಿಗಲ್ಲ ಅಂತ ಬರೆಯೋಕೆ ಹೊರಟಿದ್ದೆ, ನಿಮ್ಮಮ್ಮ ಓದ್ತಾ ಇದಾಳೆ ಪಕ್ಕದಲ್ಲಿ, ಅಷ್ಟು ಮುಯ್ಯಿ ಹಾಕಿದೀವಿ ಒಂದಾದ್ರೂ ವಾಪಸ್ ಬರ್ಬೇಡ್ವಾ ಅಂತ ಎಲ್‌ಐಸಿ ಡೈರಿಲಿ ಟೋಟಲ್ ಹಾಕಿಟ್ಟಿದೀರಲ್ಲ ಅಂತ ನಗ್ತಾಳೆ. ಹಾಕಿಟ್ಟಿದೀನಿ. ಸ್ವಲ್ಪ ದುಡ್ಡಿಗೂ ಹೌದು.

ಹುಡುಗ ಒಳ್ಳೆಯವನು, ಆ ವಿಷಯದಲ್ಲಿ ನನ್ನದು ಏನೂ ಇಲ್ಲ. 1954ರ ಆಕ್ಟನ್ನ ನಾನೂ ತೆಗೆದು ಓದಿದೆ. ನೋಟಿಸ್ ಕೊಟ್ಟು 30 ದಿನ ಬಿಡಬೇಕು, ಆಮೇಲೆ ಮೂರು ಜನ ಸಾಕ್ಷಿ ಸೈನ್ ಹಾಕ್ಬೇಕು. ಅವನ ಫ್ರೆಂಡ್ ಒಬ್ಬ, ನಿನ್ನ ರೂಮ್‌ಮೇಟ್ ಒಬ್ಳು ಅಂದಿದ್ದೆ, ಮೂರನೆಯವರು ಯಾರು ಅಂತ ಆವತ್ತು ನೀನು ಹೇಳ್ಲಿಲ್ಲ, ನಾನು ಕೇಳೋಷ್ಟರಲ್ಲಿ ಜಗಳ ಆಯ್ತು. ಯಾರೂ ಆಗಿಲ್ದಿದ್ರೆ ನನ್ನ ಹೆಸರು ಹಾಕು. ಕೈಬರಹ ಇನ್ನೂ ಚೆನ್ನಾಗಿದೆ. ಆಧಾರ್ ಜೆರಾಕ್ಸ್ ಎಷ್ಟು ಕಾಪಿ ಬೇಕು, ಫೋಟೋ ಯಾವ ಸೈಜು, ವಿಚಾರಿಸಿ ಹೇಳು. ಮಂಗಳವಾರ ಮಾತ್ರ ಡೇಟ್ ತಗೋಬೇಡವಂತೆ, ಇದು ನಾನಲ್ಲ, ನಿಮ್ಮಮ್ಮ ಹೇಳ್ತಿರೋದು.

ಅಪ್ಪ